ಗಾಡಿ ಹೋಯಿತು, ಕಲ್ಲು ಉಳಿಯಿತು

ನನ್ನ ಮೊಮ್ಮಗಳು ಸೈಕಲ್ ಮೇಲೆ ಶಾಲೆಗೆ ಹೋದಳು, ಸೈಕಲ್ ಮೇಲೆಯೇ ಮನೆಗೆ ಬಂದಳು. ಸಂಜೆ ಐದೂವರೆ ಇರಬೇಕು, ಹೊತ್ತು ಇನ್ನೂ ಮುಳುಗಿರಲಿಲ್ಲ. ಅಂಗಳಕ್ಕೆ ಬಂದು ಬ್ರೇಕು ಹಿಡಿದು, ಒಂದು ಕಾಲು ನೆಲಕ್ಕೂರಿ ನಿಂತಳು. ಮೈಮೇಲೆ ಹೊಸದಾಗಿ ಒಂದು ಗೀರೂ ಇರಲಿಲ್ಲ. ನಾನು ಜೋಳ ಹಸನು ಮಾಡುತ್ತಿದ್ದವಳು ಮೊರವನ್ನು ಅಲ್ಲೇ ಬಿಟ್ಟು ಎದ್ದೆ. ಜೋಳವೆಲ್ಲ ಕೋಳಿಗಳ ಪಾಲಾಯಿತು. ಆಗಲಿ ಬಿಡಿ, ಅವೂ ಒಂದು ದಿನ ಹಬ್ಬ ಮಾಡಲಿ.

ಅವತ್ತು ದಾರಿಯಲ್ಲಿ ಹೋಗುವವರಿಗೆಲ್ಲ ಈ ಸುದ್ದಿ ಹೇಳಿದೆ. ಕುರಿ ಹೊಡೆದುಕೊಂಡು ಹೋಗುತ್ತಿದ್ದವನಿಗೆ ಹೇಳಿದೆ. ಹಾಲಿನ ಕ್ಯಾನಿನವನನ್ನು ನಿಲ್ಲಿಸಿ ಹೇಳಿದೆ. ಅವನು ನಕ್ಕುಬಿಟ್ಟ. ಶಾಲೆಗೆ ಹೋದ ಹುಡುಗಿ ಮನೆಗೆ ಬರದೆ ಇನ್ನೆಲ್ಲಿಗೆ ಹೋಗುತ್ತಾಳೆ, ಇದೂ ಒಂದು ಸುದ್ದಿಯೇ ಎಂದು ಕೇಳಿದ. ಈಗಲೂ ಕೆಲವರು ಹಾಗೆಯೇ ಕೇಳುತ್ತಾರೆ. ಅಂಥವರ ಸಲುವಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಕಲಿತದ್ದು ಎರಡನೆಯ ಇಯತ್ತೆ. ಅಕ್ಷರ ಸೊಟ್ಟಗಿರಬಹುದು, ಸಿಟ್ಟು ಮಾತ್ರ ನೆಟ್ಟಗಿದೆ.

ಅದು ತೊಂಬತ್ತರ ಆಚೀಚಿನ ಮಾತು. ಕಾಗವಾಡ ಆಗ ಇನ್ನೂ ಅಥಣಿ ತಾಲೂಕಿನಲ್ಲೇ ಇತ್ತು. ನಮ್ಮದು ಐನಾಪುರದ ಹೊರಗೆ ಕಾಗವಾಡದ ರಸ್ತೆಗೆ ಹತ್ತಿಕೊಂಡ ತೋಟದ ಮನೆ. ನಾನು, ನನ್ನ ಮಗ, ಸೊಸೆ, ಅವರ ಒಬ್ಬಳೇ ಮಗಳು. ಎರಡು ಎಮ್ಮೆ, ಒಂದು ಜೋಡಿ ಎತ್ತು, ಒಂದು ಟಾಯರ್ ಗಾಡಿ. ಕಬ್ಬಿನ ಸೀಜನ್ ಶುರುವಾದರೆ ಮಗ ಆ ಗಾಡಿಯಲ್ಲಿ ಕಾರ್ಖಾನೆಗೆ ಕಬ್ಬು ಸಾಗಿಸುತ್ತಿದ್ದ. ಮೊಮ್ಮಗಳು ಏಳನೆಯದು ಮುಗಿಸಿ ಊರಿನ ಹೈಸ್ಕೂಲು ಸೇರಿದ್ದಳು. ನಡೆದರೆ ಒಂದು ತಾಸು. ಬಸ್ಸು ಶಾಲೆಯ ಹೊತ್ತಿಗೆ ಇರುತ್ತಿರಲಿಲ್ಲ, ಇದ್ದರೂ ನಮ್ಮ ತೋಟದ ಹತ್ತಿರ ನಿಲ್ಲುತ್ತಿರಲಿಲ್ಲ. ಹೀಗಾಗಿ ಮಗ ಮಿರಜಿಗೆ ಹೋಗಿ, ಯಾರೋ ತುಳಿದು ಬಿಟ್ಟ ಹಸಿರು ಬಣ್ಣದ ಲೇಡೀಸ್ ಸೈಕಲ್ ತಂದ. ಹಿಂದಿನ ಗಾಲಿಗೆ ಬಟ್ಟೆ ಸಿಗದಂತೆ ಜಾಳಿಗೆ ಇತ್ತು. ನಮ್ಮ ತೋಟಗಳ ಕಡೆ ಹೆಣ್ಣುಮಗಳೊಬ್ಬಳು ಸೈಕಲ್ ಹತ್ತಿದ್ದು ಅದೇ ಮೊದಲು. ಎಷ್ಟು ಕಣ್ಣು ಬಿದ್ದವೋ, ನಾನು ದಿನಾ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದೆ.

ಒಂದು ದಿನ ಅವರ ಶಾಲೆಗೆ ಒಬ್ಬ ಹವಾಲ್ದಾರ ಬಂದು, ಬಯಲಿನಲ್ಲಿ ಸುಣ್ಣದ ಪುಡಿಯಿಂದ ರಸ್ತೆ ಬರೆದು, ಸೈಕಲ್ ಹೊಡೆಯುವ ರೀತಿ ಹೇಳಿಕೊಟ್ಟನಂತೆ. ಮೊಮ್ಮಗಳು ಸಂಜೆ ಬಂದವಳೇ ಅಂಗಳದಲ್ಲಿ ಒಲೆಯ ಬೂದಿಯಿಂದ ಅದೇ ರಸ್ತೆ ಬರೆದಳು. ನನ್ನನ್ನು ಟ್ರ್ಯಾಕ್ಟರ್ ಮಾಡಿದಳು. ಎಮ್ಮೆ ಬಸ್ಸಾಯಿತು. ಎಡಕ್ಕೆ ಹೋಗಬೇಕು. ಮೂವರು ನಾಲ್ವರು ಅಕ್ಕಪಕ್ಕ ಮಾತಾಡುತ್ತ ಹೋಗಬಾರದು. ಟ್ರಾಲಿ ಹಿಡಿದುಕೊಂಡು ಎಳೆಸಿಕೊಳ್ಳಬಾರದು. ಬೆಳಿಗ್ಗೆ ಹೊರಡುವ ಮೊದಲು ಬ್ರೇಕು ಒತ್ತಿ ನೋಡಬೇಕು. ಬಲಕ್ಕೆ ತಿರುಗುವುದಾದರೆ ಹಿಂದೆ ನೋಡಿ, ಬಲಗೈ ಉದ್ದಕ್ಕೆ ಚಾಚಬೇಕು.

"ಆಯೀ, ನಾ ಕೈ ಮಾಡೀನಿ. ನೀ ಟ್ರ್ಯಾಕ್ಟರ್ ಅದಿ, ನಿಂದರಬೇಕು" ಎಂದಳು.

ನಾನು ನಿಂತೆ. ಎಮ್ಮೆ ನಿಲ್ಲಲಿಲ್ಲ. ಬೂದಿಯ ರಸ್ತೆಯನ್ನೆಲ್ಲ ತುಳಿದುಕೊಂಡು ದನ ನೀರು ಕುಡಿಯುವ ದೋಣಿಗೆ ಹೋಯಿತು. ನಮ್ಮ ಕಡೆಯ ಬಸ್ಸುಗಳೂ ಹಾಗೆಯೇ, ಎಮ್ಮೆ ಪಾಠ ಸರಿಯಾಗಿ ಕಲಿತಿದೆ ಎಂದು ನಾವಿಬ್ಬರೂ ನಕ್ಕೆವು.

ನಕ್ಕೆವು ಅಂದೆ, ಆದರೆ ಆ ರಾತ್ರಿ ಹಾಸಿಗೆಯಲ್ಲಿ ನನಗೆ ಸಿಟ್ಟೇ ಬಂತು. ಇಷ್ಟೆಲ್ಲ ಪಾಠ ಹದಿಮೂರು ವರ್ಷದ ಹುಡುಗಿಗೆ. ಎರಡು ಟ್ರಾಲಿ ಹಚ್ಚಿಕೊಂಡು ಹಾಡು ಹಾಕಿಕೊಂಡು ಹೋಗುವವನಿಗೆ ಯಾವ ಪಾಠ? ಅವನ ಟ್ರಾಲಿಯ ಹಿಂದೆ ಒಂದು ಕೆಂಪು ಚುಕ್ಕೆಯೂ ಇಲ್ಲ. ಕಬ್ಬಿನ ತುದಿ ಎರಡೂ ಬದಿಗೆ ಒಂದೊಂದು ಮಾರು ಹೊರಗೆ ಚಾಚಿರುತ್ತದೆ. ಅವನು ಹೋದದ್ದೇ ದಾರಿ.

ನಮ್ಮ ಮನೆಯವರು ಇದ್ದಾಗಿನ ಒಂದು ಮಾತು ಹೇಳಬೇಕು. ಎಂಬತ್ತರ ಸುಮಾರಿಗೆ ನಾವಿಬ್ಬರೂ ಸೈಕಲ್ ಮೇಲೆ ಒಂದು ಮದುವೆಗೆ ಹೋಗಿದ್ದೆವು. ನಾನು ಕ್ಯಾರಿಯರ್ ಮೇಲೆ, ತೊಡೆಯ ಮೇಲೆ ಆಯರಿನ, ಅಂದರೆ ಉಡುಗೊರೆ ಬಟ್ಟೆಗಳ ಗಂಟು. ತಿರುಗಿ ಬರುವಾಗ ಹೊತ್ತು ಮುಳುಗಿತ್ತು. ನಾಕಾದಲ್ಲಿ ಒಬ್ಬ ಪೊಲೀಸ ತಡೆದ. ಡಬಲ್ ಸೀಟು, ಮೇಲೆ ದೀಪ ಇಲ್ಲ. ತಪ್ಪು ನಮ್ಮದೇ, ಒಪ್ಪಿಕೊಂಡೆವು. ಅವನು ಎರಡೂ ಗಾಲಿಯ ವಾಲ್ ಕಿತ್ತು, ಗಾಳಿ ಬಿಟ್ಟು, ಸೈಕಲನ್ನು ನೂಕಿಕೊಂಡು ಹೋಗಿ ಎಂದ. ಗಾಳಿ ಹೋಗುವ ಸದ್ದು ಮುಗಿದಿರಲಿಲ್ಲ, ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಬಂತು. ಹಿಂದೆ ದೀಪವಿಲ್ಲ, ಮುಂದೆ ಒಂದೇ ಕಣ್ಣು. ಡ್ರೈವರನ ಪಕ್ಕದ ಮಡ್‌ಗಾರ್ಡ್ ಮೇಲೆ ಅತ್ತ ಇಬ್ಬರು, ಇತ್ತ ಇಬ್ಬರು. ಪೊಲೀಸ ಅದಕ್ಕೆ ದಾರಿ ಬಿಡಲು ನಮ್ಮನ್ನೇ ಬದಿಗೆ ಸರಿಸಿದ. ನಾವು ಆ ಕತ್ತಲಲ್ಲಿ ಸೈಕಲ್ ನೂಕಿಕೊಂಡು ಮನೆ ಮುಟ್ಟಿದೆವು. ನಮ್ಮ ಮನೆಯವರು ಇಡೀ ದಾರಿ ಒಂದು ಮಾತಾಡಲಿಲ್ಲ. ನಾನು ಇಡೀ ದಾರಿ ಸುಮ್ಮನಿರಲಿಲ್ಲ. ಮರುದಿನ ಅವರು ಡೈನಮೋ ಹಾಕಿಸಿದರು. ಡಬಲ್ ಸೀಟು ಬಿಟ್ಟೆವು. ನಾವು ತಿದ್ದಿಕೊಂಡೆವು ನೋಡಿ. ಟ್ರ್ಯಾಕ್ಟರು ಮಾತ್ರ ಹಾಗೇ ಹೋಗುತ್ತಲೇ ಇತ್ತು.

ಮೊಮ್ಮಗಳು ಬಿದ್ದದ್ದು ಸಂಕ್ರಾಂತಿ ಮುಗಿದು ವಾರದೊಳಗೆ. ಬೆಳಿಗ್ಗೆ ಎಂಟೂವರೆಗೆ ಹೊರಟವಳು ಒಂಬತ್ತಕ್ಕೆಲ್ಲ ಮನೆಗೆ ಬಂದಳು, ಪಕ್ಕದ ತೋಟದವರ ಕಬ್ಬಿನ ಗಾಡಿಯ ಮೇಲೆ ಕೂತು. ಗದ್ದ ಸೀಳಿ ಕುತ್ತಿಗೆಯವರೆಗೂ ರಕ್ತ. ಮೊಣಕಾಲಿನ ಚರ್ಮವಿಲ್ಲ. ಒಂದು ಕೈಯಲ್ಲಿ ಪಾಟಿಚೀಲವನ್ನು ಅವುಚಿಕೊಂಡಿದ್ದಳು, ಇನ್ನೊಂದು ಕೈ ಊದಿತ್ತು. ಸೈಕಲ್ಲಿನ ಮುಂದಿನ ಗಾಲಿ ಬಳುಕಿ, ಗಾಲಿ ಹಿಡಿದ ಕಬ್ಬಿಣದ ಚಿಮುಟಿಯೊಳಗೆ ತಿರುಗುತ್ತಲೇ ಇರಲಿಲ್ಲ. ಮಗನೂ ಸೊಸೆಯೂ ಅವಳನ್ನು ಕಾಗವಾಡಕ್ಕೆ ಕರೆದುಕೊಂಡು ಹೋದರು, ಡಾಕ್ಟರು ಗದ್ದಕ್ಕೆ ಹೊಲಿಗೆ ಹಾಕಿದರು. ಕೈ ಮುರಿದಿರಲಿಲ್ಲ, ದೇವರು ದೊಡ್ಡವನು.

ಆದದ್ದು ಇಷ್ಟು. ಹಿಂದಿನಿಂದ ಟ್ರ್ಯಾಕ್ಟರು ಹಾರ್ನು ಹೊಡೆಯುತ್ತ ಬಂತು. ಇವಳು ಕಲಿಸಿದ ಹಾಗೆ ಎಡಕ್ಕೆ ಸರಿದಳು. ಇನ್ನೂ ಹಾರ್ನು, ಇನ್ನೂ ಎಡಕ್ಕೆ. ರಸ್ತೆಯ ಅಂಚಿನಲ್ಲಿ ಗಾಡಿಗಳಿಂದ ಉದುರಿದ ಕಬ್ಬಿನ ರವದಿ ಹಾಸಿದಂತೆ ಬಿದ್ದಿತ್ತು. ಆ ಒಣ ಎಲೆಗಳ ಕೆಳಗೆ ಒಂದು ಕಲ್ಲು.

ಆ ಕಲ್ಲು ಅಲ್ಲೇಕೆ ಇತ್ತು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಬ್ಬು ತುಂಬಿದ ಗಾಡಿ ದಾರಿಯಲ್ಲಿ ಕೆಟ್ಟರೆ ಗಾಲಿಗೆ ಎರಡು ಕಲ್ಲು ಒಡ್ಡುತ್ತಾರೆ, ಹಿಂದೆ ಬರುವವರಿಗೆ ಕಾಣಲಿ ಎಂದು ಇನ್ನೆರಡು ಕಲ್ಲನ್ನು ಹಿಂದೆ ಇಡುತ್ತಾರೆ. ಗಾಡಿ ರಿಪೇರಿಯಾಗುತ್ತದೆ, ಎತ್ತು ಹೂಡುತ್ತಾರೆ, ಹೊರಡುತ್ತಾರೆ. ಕಲ್ಲು ಅಲ್ಲೇ ಉಳಿಯುತ್ತದೆ. ಗಾಡಿಗೆ ಕಾವಲಿಟ್ಟ ಕಲ್ಲು, ಗಾಡಿ ಹೋದ ಮೇಲೆ ಯಾರನ್ನು ಕಾಯುತ್ತದೆ? ಸೈಕಲ್ಲಿನವರನ್ನು. ಯಾಕೆಂದರೆ ಎಡದ ಅಂಚಿನಲ್ಲಿ ಹೋಗುವವರು ಅವರೇ.

ಮಧ್ಯಾಹ್ನ ಕಾಗವಾಡದಿಂದ ಬಂದವನೇ ಮಗ ಸೈಕಲ್ಲನ್ನು ಎತ್ತಿ ದನದ ಕೊಟ್ಟಿಗೆಯ ತೊಲೆಗೆ ನೇತು ಹಾಕಿದ. "ಸಾಕು. ರಸ್ತೆ ಹೆಣ್ಣಮಕ್ಕಳದಲ್ಲ. ಎಂಟನೇದು ಅರ್ಧಾ ಆತು, ಅಷ್ಟಕ್ಕ ಬಿಡ್ಲಿ" ಎಂದ. ಸೊಸೆ ಏನೋ ಹೇಳಹೋದಳು, ಅವನು ಕೇಳಲಿಲ್ಲ. ಮೊಮ್ಮಗಳು ಹೊಲಿಗೆ ಹಾಕಿದ ಬಾಯಿ ತೆರೆಯಲಾಗದೆ ಗೋಡೆಯ ಕಡೆ ತಿರುಗಿ ಮಲಗಿದಳು. ನನಗೆ ಗೊತ್ತಿತ್ತು, ಒಮ್ಮೆ ಶಾಲೆ ಬಿಟ್ಟರೆ ಮತ್ತೆ ಕಳಿಸುವುದಿಲ್ಲ. ನನ್ನದೂ ಹಾಗೆಯೇ ಬಿಟ್ಟದ್ದು. ಮೂರನೆಯ ಇಯತ್ತೆಗೆ ಹೋಗುವವಳು, ತಮ್ಮ ಹುಟ್ಟಿದ ಎಂದು ನಾಲ್ಕು ದಿನ ಬಿಡಿಸಿದರು. ಆ ನಾಲ್ಕು ದಿನ ಇನ್ನೂ ಮುಗಿದಿಲ್ಲ.

ನನ್ನ ಸಿಟ್ಟು ಮಗನ ಮೇಲಲ್ಲ, ಆ ಕಲ್ಲು ಬಿಟ್ಟವನ ಮೇಲೆ ತಿರುಗಿತು. ಅವನು ಯಾರು ಎಂದು ಹುಡುಕಿ, ಅವನನ್ನು ನನ್ನ ಮಗನ ಮುಂದೆ ತಂದು ನಿಲ್ಲಿಸಿ, ತಪ್ಪು ಹುಡುಗಿಯದಲ್ಲ ಎಂದು ಅವನ ಬಾಯಿಯಿಂದಲೇ ಹೇಳಿಸುವುದೆಂದು ನಿಶ್ಚಯಿಸಿದೆ. ಮರುದಿನ ಬೆಳಿಗ್ಗೆ ಕೋಲು ಹಿಡಿದು ರಸ್ತೆಗೆ ನಡೆದೆ.

ಅವತ್ತು ನಾನು ಬೈಯದವರು ಆ ರಸ್ತೆಯಲ್ಲಿ ಯಾರೂ ಉಳಿಯಲಿಲ್ಲ. ಎದುರು ಬಂದ ಗಾಡಿಯವರನ್ನೆಲ್ಲ ನಿಲ್ಲಿಸಿ ಕೇಳಿದೆ, ಕಳೆದ ಎಂಟು ಹತ್ತು ದಿನದಲ್ಲಿ ಇಲ್ಲಿ ಯಾರ ಗಾಡಿ ಕೆಟ್ಟಿತ್ತು ಎಂದು. ಒಬ್ಬ ಗಾಡಿಯವನು ಎತ್ತಿನ ಹಗ್ಗ ಜಗ್ಗಿ ನಿಂತ.

"ಆಯೀ, ಕಲ್ಲ ಇಡ್ಲಿಲ್ಲಂದ್ರ ಹಿಂದಿನಾಂವ ಬಂದು ಹಾಯ್ತಾನ. ಇಟ್ರ ನೀ ಬೈತಿ. ಕೆಟ್ಟ ಗಾಡಿ ಏನ ತಲಿಮ್ಯಾಲ ಹೊತ್ಕೊಂಡ ಹೋಗೂನು?"

"ಇಡಬ್ಯಾಡ ಅಂತ ಯಾರ ಅಂದಾರೋ? ಹೋಗೂಮುಂದ ತಗದ ಹೋಗು ಅಂದೆ."

ಅವನು ತಲೆ ಕೆರೆದುಕೊಂಡು ಮುಂದೆ ಹೋದ. ಅವನಾದರೂ ವಾಸಿ. ಅವನ ಹಿಂದೆ ಬಂದ ಒಬ್ಬ ಟ್ರ್ಯಾಕ್ಟರಿನವನು, ಎಳೆಯ ವಯಸ್ಸಿನವನು, ಕೊರಳಿಗೆ ಕೆಂಪು ಕರವಸ್ತ್ರ ಕಟ್ಟಿದ್ದ, ಇಂಜಿನ್ ಕೂಡ ಬಂದ್ ಮಾಡದೆ ಮೇಲಿನಿಂದಲೇ ನನಗೆ ಬುದ್ಧಿ ಹೇಳಿದ. "ಕಲ್ಲ ಅಲ್ಲೇ ಇರ್ಲಿ ಬಿಡ ಆಯೀ. ನಾಳಿ ಮತ್ತೊಬ್ಬರ ಗಾಡಿ ಕೆಟ್ರ ಅವರಿಗಿ ಬೇಕಾಗ್ತಾವ." ಪರೋಪಕಾರ ನೋಡಿ. ಊರಿಗೆಲ್ಲ ಉಪಯೋಗವಾಗಲಿ ಎಂದು ರಸ್ತೆಯಲ್ಲಿ ಕಲ್ಲಿನ ಅಂಗಡಿ ಇಟ್ಟಿದ್ದಾರೆ. ನನ್ನ ಮೊಮ್ಮಗಳ ಗದ್ದ ಸೀಳಿದ್ದೂ ಊರಿನ ಉಪಯೋಗಕ್ಕೇ ಇರಬೇಕು. ನಾನು ಕೋಲೆತ್ತಿದೆ, ಅವನು ನಗುತ್ತ ಹೊಗೆ ಬಿಟ್ಟುಕೊಂಡು ಹೋದ.

ಬೇವಿನ ಗಿಡದ ಹತ್ತಿರ ರವದಿಯ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಅಲ್ಲಿಯೇ ಬಿದ್ದದ್ದು ಎಂದು ಗೊತ್ತಾಯಿತು. ಕೋಲಿನಿಂದ ಎಲೆ ಸರಿಸಿದೆ. ಕಲ್ಲು ಇನ್ನೂ ಹಾಗೇ ಇತ್ತು. ಮೇಲೆಲ್ಲ ಕೆಸರು ಮೆತ್ತಿ, ಒಣಗಿ, ರಸ್ತೆಯ ಬಣ್ಣವೇ ಆಗಿತ್ತು. ಯಾರದೆಂಬ ಗುರುತು ಸಿಕ್ಕೀತೆಂದು ಬಗ್ಗಿ ಹೊರಳಿಸಿದೆ.

ಅಡಿಯ ಮಗ್ಗುಲು ಬೆಳ್ಳಗಿತ್ತು. ಸುಣ್ಣ. ಸುಣ್ಣದ ಮೇಲೆ ಕೆಮ್ಮಣ್ಣಿನ ಎರಡು ಗೆರೆ, ಒಂದು ಗೆರೆ ಕೊನೆಯಲ್ಲಿ ಸ್ವಲ್ಪ ಸೊಟ್ಟ.

ಆ ಸೊಟ್ಟ ಗೆರೆ ನನ್ನ ಕೈಯದು. ದೀಪಾವಳಿಗೆ ನಮ್ಮ ತುಳಸಿ ಕಟ್ಟೆಯ ಸುತ್ತಲಿನ ಕಲ್ಲುಗಳಿಗೆ ಸುಣ್ಣ ಬಳಿದು ಕೆಮ್ಮಣ್ಣು ಎಳೆದವಳು ನಾನೇ.

ನಾನು ಆ ಗಿಡದ ಕೆಳಗೆ ಕೂತೆ. ಎಲ್ಲ ನೆನಪಾಯಿತು. ಸಂಕ್ರಾಂತಿಗೆ ಮೂರು ದಿನ ಮೊದಲು ನಮ್ಮ ಗಾಡಿಯ ಟಾಯರು ದಾರಿಯಲ್ಲಿ ಒಡೆದಿತ್ತು. ಮಗ ಮನೆಗೆ ಓಡಿ ಬಂದು, ಜಾಕು ಹುಡುಕುತ್ತ, ಅಲ್ಲಿ ಹತ್ತಿರದಲ್ಲಿ ಒಂದು ಕಲ್ಲೂ ಇಲ್ಲ ಎಂದಿದ್ದ. ನಾನೇ ಕಟ್ಟೆಯ ನಾಲ್ಕು ಕಲ್ಲು ಕಿತ್ತುಕೊಟ್ಟೆ. ಕೆಂಪು ಬಿಳಿ ಇವೆ, ಹೊತ್ತು ಮುಳುಗಿದರೂ ಕಾಣುತ್ತವೆ ಎಂದು ಬೇರೆ ಹೇಳಿದೆ. ನನ್ನಷ್ಟು ಜಾಣೆ ಈ ರಸ್ತೆಯ ಮೇಲೆ ಇಲ್ಲ ಎಂದು ಅವತ್ತು ಬೀಗಿದ್ದೂ ನೆನಪಾಯಿತು. ಗಾಡಿ ಎಲ್ಲಿ ನಿಂತಿತ್ತು ಎಂದು ಕೇಳಲಿಲ್ಲ. ಕಲ್ಲು ತಿರುಗಿ ಬಂದವೇ ಎಂದು ನೋಡಲಿಲ್ಲ. ಕಟ್ಟೆಯ ಸುತ್ತ ನಾಲ್ಕು ಹಲ್ಲು ಬಿದ್ದ ಬಾಯಿಯಂತೆ ಜಾಗ ಖಾಲಿ ಇತ್ತು. ದಿನಾ ಬೆಳಿಗ್ಗೆ ಅದಕ್ಕೇ ನೀರು ಹಾಕಿ ಕೈಮುಗಿಯುತ್ತಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ.

ಅರ್ಧ ದಿನದಿಂದ ಊರನ್ನೆಲ್ಲ ಬೈದ ಬಾಯಿ. ಈಗ ಯಾರನ್ನು ಬೈಯಲಿ? ಕೆಂಪು ಕರವಸ್ತ್ರದವನು ಮತ್ತೆ ಎದುರಾದರೆ ಏನು ಹೇಳಲಿ? ಸುಳ್ಳೇಕೆ, ಆ ಕಲ್ಲನ್ನು ಅಲ್ಲೇ ರಸ್ತೆ ಪಕ್ಕದ ಕಾಲುವೆಗೆ ಉರುಳಿಸಿ ಬಿಡೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಮಗನ ಮಾನ, ನನ್ನ ಮಾನ ಉಳಿಯುತ್ತಿತ್ತು. ಆದರೆ ಸೈಕಲ್ಲು ತೊಲೆಗೇ ಉಳಿಯುತ್ತಿತ್ತು. ಸೆರಗಿನ ಸಿಂಬೆ ಮಾಡಿ ಕಲ್ಲನ್ನು ತಲೆಯ ಮೇಲಿಟ್ಟುಕೊಂಡು ಮನೆಗೆ ನಡೆದೆ.

ಸಂಜೆ ಮಗ ಎತ್ತು ಕಟ್ಟಿ, ಕಾಲು ತೊಳೆದು, ಊಟಕ್ಕೆ ಒಳಗೆ ಬಂದ. ಅವನು ದಿನಾ ಕೂರುವ ಜಾಗದಲ್ಲಿ, ತಾಟಿನ ಬದಲು ಕಲ್ಲು ಇಟ್ಟಿದ್ದೆ.

"ಇದೇನ ಬೇ, ಕಟ್ಟಿ ಕಲ್ಲ ಒಳಗ್ಯಾಕ ತಂದಿ?" ಎಂದ.

"ಗುರ್ತ ಹಿಡದಿ, ಚಲೋ ಆತು" ಎಂದೆ. "ಇದು ಕಟ್ಟಿಂದ ಬಂದಿಲ್ಲ. ಬೇವಿನ ಗಿಡದ ಕಡಿಂದ ಬಂದೈತಿ. ರವದಿ ಕೆಳಗ ಇತ್ತು."

ಅವನು ನಿಂತೇ ಇದ್ದ. ಸೊಸೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. ಅವನು ಕಲ್ಲಿನ ಮುಂದೆ ಕುಕ್ಕರಿಸಿ ಕೂತು ಹೇಳಿದ. ಅವತ್ತು ಹಿಂದೆ ಮೂರು ಗಾಡಿ ನಿಂತಿದ್ದವಂತೆ, ಅವರು ಕೂಗುತ್ತಿದ್ದರಂತೆ, ತಿರುಗಿ ಬರುವಾಗ ತೆಗೆದರಾಯಿತು ಎಂದು ಹೊರಟನಂತೆ. ತಿರುಗಿ ಬರುವಾಗ ಕತ್ತಲಾಗಿತ್ತಂತೆ. ಎಲ್ಲರೂ ಹೇಳುವುದು ಅದೇ. ನಾನು ಬೆಳಿಗ್ಗೆಯಿಂದ ಅದನ್ನೇ ಕೇಳುತ್ತ ಬಂದಿದ್ದೆ.

"ಕೊಟ್ಟಾಕಿ ನಾ, ಕೇಳಾಕಿನೂ ನಾನ ಆಗಬೇಕಿತ್ತು, ಕೇಳ್ಲಿಲ್ಲ" ಎಂದೆ. "ನೀ ಇಟ್ಟಿ, ತಗೀಲಿಲ್ಲ. ಕಲ್ಲ ಬಿಟ್ಟಾವ್ರು ನಾವಿಬ್ರು. ಸಾಲಿ ಬಿಡೂದು ಆಕೀನ?"

ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಎದ್ದು ಕೂತಳು. ಹೊಲಿಗೆ ಎಳೆಯದಂತೆ ತುಟಿಯಲ್ಲೇ ಹೇಳಿದಳು, "ಅಪ್ಪಾ, ನಾ ಎಡಕ್ಕ ಇದ್ದೆ."

ಮಗ ಊಟ ಮಾಡಲಿಲ್ಲ. ಹಾಗೆಯೇ ಕೊಟ್ಟಿಗೆಗೆ ಹೋಗಿ ತೊಲೆಯಿಂದ ಸೈಕಲ್ ಇಳಿಸಿದ. ಅವನು ಉಣ್ಣಲಿಲ್ಲವೆಂದು ಸೊಸೆ ಉಣ್ಣಲಿಲ್ಲ, ಅವರಿಬ್ಬರೂ ಉಣ್ಣಲಿಲ್ಲವೆಂದು ನಾನೂ ಉಣ್ಣಲಿಲ್ಲ. ಮೊಮ್ಮಗಳು ಗಂಜಿ ಕುಡಿದು ಮಲಗಿದಳು. ಕಲ್ಲು ಅಲ್ಲೇ ನಡುಮನೆಯಲ್ಲಿತ್ತು.

ಗಾಲಿ ನೆಟ್ಟಗಾಗುವುದಕ್ಕೆ, ಗದ್ದದ ಹೊಲಿಗೆ ಬಿಚ್ಚುವುದಕ್ಕೆ ಹತ್ತು ದಿನ ಬೇಕಾಯಿತು. ಆ ನಡುವೆ ಒಂದು ಭಾನುವಾರ ಮಗ ಖಾಲಿ ಗಾಡಿ ಹೂಡಿ ನನ್ನನ್ನೂ ಹತ್ತಿಸಿಕೊಂಡ. ಮನೆಯಿಂದ ಹೈಸ್ಕೂಲಿನವರೆಗೆ ಎಡದ ಅಂಚಿನಲ್ಲಿ ಎಷ್ಟು ಕಲ್ಲು ಸಿಕ್ಕವೋ ಅಷ್ಟನ್ನೂ ಎತ್ತಿ ಗಾಡಿಗೆ ಹಾಕಿದ. ತಿರುಗಿ ಬರುವಾಗ ಇನ್ನೊಂದು ಅಂಚು. ನಮ್ಮ ಉಳಿದ ಮೂರು ಕಲ್ಲೂ ಆ ರಾಶಿಯಲ್ಲಿ ಸಿಕ್ಕವು. ದಾರಿಯಲ್ಲಿ ಕೂತವರು ಸುಮ್ಮನೆ ಬಿಟ್ಟಾರೆಯೇ, ಮನೆ ಕಟ್ಟಿಸುತ್ತೀರೇನು ಎಂದು ಕೇಳಿದರು. ನೀವೆಲ್ಲ ಬಿಟ್ಟುಹೋದ ಕಲ್ಲಿನಲ್ಲಿ ಮಾಳಿಗೆಯೇ ಏಳುತ್ತದೆ ಎಂದೆ. ನಾವು ಬಿಟ್ಟದ್ದೂ ಇದರಲ್ಲಿದೆ ಎಂದು ಮಗ ಮೆಲ್ಲಗೆ ಹೇಳಿದ. ಅವರು ನಗುವುದನ್ನು ನಿಲ್ಲಿಸಿದರು. ಮಿರಜಿನಿಂದ ಮೂರು ಕೆಂಪು ರಿಫ್ಲೆಕ್ಟರ್ ತಂದು, ಸೈಕಲ್ಲಿನ ಹಿಂದೆ ಒಂದು, ಗಾಡಿಯ ಹಿಂದೆ ಎರಡು ಬಡಿದ. ಗಾಡಿಯ ಮೂಲೆಗೆ ಒಂದು ಹಳೆಯ ಗೋಣಿಚೀಲ ಕಟ್ಟಿದ. ಕೆಟ್ಟರೆ ಇಡುವ ಕಲ್ಲು ಅದರಲ್ಲೇ ಹೋಗಬೇಕು, ಅದರಲ್ಲೇ ಬರಬೇಕು.

ಹನ್ನೊಂದನೆಯ ದಿನ ಮೊಮ್ಮಗಳು ಹೊರಟಳು. ಮಗ ಬ್ರೇಕು ಎರಡು ಸಲ ಒತ್ತಿ ನೋಡಿ ಕೊಟ್ಟ. ಅವತ್ತು ನಾನು ಯಾವ ಕೆಲಸ ಮಾಡಿದೆ ಎಂದು ಕೇಳಬೇಡಿ. ಮಧ್ಯಾಹ್ನ ಮೂರರಿಂದ ರಸ್ತೆ ಕಾಣುವಂತೆ ಅಂಗಳದಲ್ಲಿ ಮೊರ ಹಿಡಿದು ಕೂತೆ. ಸಾಲಾಗಿ ಗಾಡಿ ಬಂದವು, ಹೋದವು. ಐದೂವರೆಗೆ ಹಸಿರು ಸೈಕಲ್ ಕಂಡಿತು. ಅದರ ಹಿಂದೆಯೇ ಎರಡು ಟ್ರಾಲಿಯ ಟ್ರ್ಯಾಕ್ಟರು, ಮೇಲೆ ಅದೇ ಕೆಂಪು ಕರವಸ್ತ್ರ.

ಊರ ಕಡೆಯಿಂದ ಬರುವಾಗ ನಮ್ಮ ತೋಟದ ದಾರಿ ಬಲಕ್ಕೆ. ಇವಳು ಬಲಕ್ಕೆ ಹೊರಳಬೇಕು, ಅವನು ಹಿಂದೆ. ಹುಡುಗಿ ಒಮ್ಮೆ ಹಿಂದೆ ನೋಡಿದಳು. ಬಲಗೈಯನ್ನು ಉದ್ದಕ್ಕೆ ಚಾಚಿದಳು. ನೆಟ್ಟಗಿನ ಕೈ. ಟ್ರ್ಯಾಕ್ಟರು ಕಿರ್ರೆಂದು ನಿಧಾನಿಸಿತು, ನಿಂತಿತು. ಇವಳು ಹೊರಳಿ ನಮ್ಮ ದಾರಿಗೆ ಬಂದಳು. ಅಷ್ಟು ವರ್ಷ ಯಾರಿಗೂ ನಿಲ್ಲದ ಎರಡು ಟ್ರಾಲಿ ಕಬ್ಬು ಒಂದು ಹುಡುಗಿಯ ಕೈಗೆ ನಿಂತಿತು. ಆಮೇಲೆ ಆದದ್ದನ್ನು ಮೊದಲೇ ಹೇಳಿದ್ದೇನೆ, ಕೋಳಿಗಳನ್ನು ಬೇಕಾದರೆ ಕೇಳಿ.

ನಮ್ಮಲ್ಲಿ ಗಂಡಸರದು ಆದ ಮೇಲೆ ಹೆಂಗಸರ ಊಟ. ಆ ಸಂಜೆ ಅದನ್ನು ನಾನು ನಡೆಯಗೊಡಲಿಲ್ಲ. ಹೊತ್ತು ಮುಳುಗುವಷ್ಟರಲ್ಲಿ ಮಾದಲಿ ಮಾಡಿದ್ದೆ, ಬೆಲ್ಲ ಒಂದು ಹಿಡಿ ಹೆಚ್ಚೇ ಹಾಕಿ. ನಾಲ್ಕು ತಾಟು ಒಂದೇ ಸಾಲಿಗೆ ಹಚ್ಚಿದೆ. ಸೊಸೆ ಬಿಸಿ ರೊಟ್ಟಿಗೆ ಏಳಹೋದಳು, ಕೈ ಹಿಡಿದು ಕೂರಿಸಿದೆ. ಆರಿದ ರೊಟ್ಟಿ ಉಂಡರೆ ಯಾರೂ ಸಾಯುವುದಿಲ್ಲ. ಮೊಮ್ಮಗಳು ಶೇಂಗಾ ಚಟ್ನಿಗೆ ಮೊಸರು ಕಲಸಿಕೊಂಡು, ಗದ್ದದ ಗಾಯ ಚುರುಗುಟ್ಟಿದರೂ ಎರಡು ರೊಟ್ಟಿ ಮುಗಿಸಿ ಮೂರನೆಯದಕ್ಕೆ ಕೈ ಚಾಚಿದಳು. "ಕೈ ಮಾಡ್ಯಾಳ, ನಿಂದರ್ರಿ ಎಲ್ಲಾರೂ" ಎಂದು ಸೊಸೆ ನಗೆಯಾಡಿದಳು. ಮಗ ತನ್ನ ತಾಟಿನ ರೊಟ್ಟಿಯನ್ನೇ ಮುರಿದು ಅರ್ಧ ಅವಳಿಗೆ ಹಾಕಿದ.

ಅಷ್ಟರಲ್ಲಿ ರಸ್ತೆಯ ಕಡೆ ಗಾಡಿಯೊಂದು ನಿಂತ ಸದ್ದಾಯಿತು. ಯಾರೋ ಎತ್ತನ್ನು ಗದರಿದರು. ದಪ್ಪೆಂದು ಒಂದು ಕಲ್ಲು ಬಿತ್ತು, ಇನ್ನೊಂದು ಬಿತ್ತು. ನಮ್ಮೆಲ್ಲರ ಕೈ ತುತ್ತಿನ ಹತ್ತಿರ ನಿಂತವು. ಮಗ ಎಂಜಲ ಕೈಯಲ್ಲೇ ಎದ್ದು ಬಾಗಿಲಿಗೆ ಹೋದ.

"ಯಾರದೋ ಗಾಡಿ? ಬೇಕಾದ್ರ ಜಾಕ ಐತಿ, ಕೊಡ್ತೀನಿ. ಹೋಗೂಮುಂದ ಮಾತ್ರ ಕಲ್ಲ ತಗದ ಹೋಗಪಾ."

ಕತ್ತಲಿಂದ ಹೂಂ ಎಂಬ ದನಿ ಬಂತು. ಅವನು ತಿರುಗಿ ಬಂದು ಮಗಳ ಪಕ್ಕದಲ್ಲಿ ಕೂತ. ನಾನು ಅವನ ತಾಟಿಗೆ ಇನ್ನೊಂದು ಸವಟು ಮಾದಲಿ ಹಾಕಿ, ಮೇಲೆ ತುಪ್ಪ ಬಿಟ್ಟೆ. ನಾಲ್ಕೂ ಮಂದಿ ಮತ್ತೆ ಉಣ್ಣತೊಡಗಿದೆವು.